ಕೊನೆಯ ಹತ್ತು ಕಿಲೋಮೀಟರ್

ಹುಲಿಕಲ್ ಘಾಟಿ ಹತ್ತಿ ಬಂದ ಲಾರಿ
ಶಿವಮೊಗ್ಗದ ಮೀನು ಮಾರ್ಕೆಟ್ಟಿನ ಮುಂದೆ
ಉಪ್ಪುನೀರು ತೊಟ್ಟಿಕ್ಕುತ್ತ ನಿಂತಾಗ
ಏಳೂವರೆ.
ಐದಕ್ಕೇ ಬರಬೇಕಿತ್ತು.

"ತಮ್ಮನ ಬೋಟು ಅಳಿವೆಯ ಹೊರಗೇ ನಿಂತಿತ್ತಂತೆ ಮೂರು ಗಂಟೆ,"
ಸರಸು ಖಾರ್ವಿ ಐಸು ಕೊಡವುತ್ತ ಹೇಳಿದಳು.
"ತೆರೆ ಒಳಗೆ ಬಿಡಲಿಲ್ಲ.
ಫೋನಿನಲ್ಲಿ ಮಾತ್ರ ಸಮುದ್ರ ಶಾಂತ ಅಂತ ಬಂದಿತ್ತು.
ಅದನ್ನ ಬರೆಯುವವರು ಯಾರೋ ಏನೋ,
ಒಂದಿನ ಬೋಟಿನ ಮೂತಿ ಮೇಲೆ ಕೂರಿಸಬೇಕು."

ನಾನು ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದೆ.
ಕೆಂಪು ಸ್ವಲ್ಪ ಮಾಸಿತ್ತು.
ಬರೆಯುವವರಲ್ಲಿ ನಾನೂ ಒಬ್ಬಳು
ಅಂತ ಹೇಳಲಿಲ್ಲ.

ಎಂಟುನೂರು ಕಿಲೋಮೀಟರ್ ಮೇಲಿಂದ
ಒಂದು ಪೆಟ್ಟಿಗೆ ಕಡಲನ್ನು ತಟ್ಟಿ ತಟ್ಟಿ ಕೇಳುತ್ತದೆ,
ಹಲಸಿನಕಾಯಿ ಬಲಿತಿದೆಯೋ ಅಂತ ತಟ್ಟುವ ಹಾಗೆ.
ಮರಳಿದ ಸದ್ದು ಎಷ್ಟು ಚದುರಿ ಬಂತು
ಅನ್ನುವುದರಿಂದ ತೆರೆಯ ಎತ್ತರ.
ದುರ್ಗಿಗುಡಿಯ ಎರಡನೇ ಮಹಡಿಯಲ್ಲಿ ಕೂತು
ಅದನ್ನು ಸೋಸುವುದು ನನ್ನ ಸಂಬಳ.

ಸಮುದ್ರವನ್ನು ಕಂಡಿದ್ದು ಐದೇ ಸಲ.
ನಮ್ಮೂರ ತುಂಗೆಯೂ ಆ ಕಡಲಿಗೆ ಬೆನ್ನು ಹಾಕಿ
ಮೂಡಲಿಗೆ ಹೋದವಳೇ.

ದೂರದ ಬೆಟ್ಟ ನುಣ್ಣಗೆ ಅನ್ನುವ ಗಾದೆ
ಈ ಪೆಟ್ಟಿಗೆಗೆ ತಿರುವುಮುರುವು.
ನಡುಗಡಲಿನ ಒಂದೊಂದು ಗೇಣು ಉಬ್ಬೂ ಅದಕ್ಕೆ ಗೊತ್ತು,
ದಡ ಬಂದಂತೆ ತೊದಲುತ್ತದೆ.
ನೀರಿನ ಮಾತಿನ ನಡುವೆ ನೆಲ ಬಾಯಿ ಹಾಕುತ್ತದೆ,
ಬಂಡೆ, ಮರಳು, ತೆಂಗಿನ ಸಾಲು,
ಕೊಡಚಾದ್ರಿ ತಪ್ಪಲಿನ ಕಾವು ಕೂಡ,
ಮದುವೆಮನೆಯಲ್ಲಿ ಫೋನು ಎತ್ತಿದಷ್ಟು ಗದ್ದಲ.

ಆ ಕೊನೆಯ ಹತ್ತು ಕಿಲೋಮೀಟರಿನ ಅಂಕಿಗಳಿಗೆ
ಒಂದು ಗುರುತು ಹಾಕಿ ಬದಿಗಿಡುತ್ತೇವೆ:
ನಂಬಲು ಬಾರದು.
ಆಮೇಲೆ ನಡುಗಡಲಿನ ಲೆಕ್ಕವನ್ನೇ
ದಡದವರೆಗೆ ಎಳೆಯುತ್ತೇವೆ, ಗಿಡ್ಡ ಕಂಬಳಿ ಕಾಲಿಗೆ ಎಳೆದಂತೆ.

ವಾಮನ ಖಾರ್ವಿ ಮೂರು ಗಂಟೆ ನಿಂತದ್ದು
ಆ ಗುರುತಿನ ಒಳಗೆ.

ರಾತ್ರಿ ಬದಿಗಿಟ್ಟ ಕಡತ ತೆರೆದೆ.
ಕರೆಂಟು ಎರಡು ಸಲ ಹೋಗಿ ಬಂತು.
ಗಂಗೊಳ್ಳಿಯ ಮಗ್ಗುಲಲ್ಲಿ ಹಾದ ಗೆರೆ,
ಸೆಕೆಂಡಿಗೆ ಇಪ್ಪತ್ತು ತಟ್ಟು,
ಒಂದೊಂದನ್ನೇ ಸೀಗಡಿ ಸುಲಿದಂತೆ ಬಿಡಿಸಿದೆ.
ಇದು ಬಂಡೆ.
ಇದೂ ಬಂಡೆ.
ಇದು ಬರೀ ಗಲಾಟೆ.
ಇದು, ತಡಿ,
ಇದು ನೀರು.
ನೆಲದ ಮಾತಿನಡಿ ಎದ್ದು ನಿಂತ ನೀರು,
ಎರಡೂಕಾಲು ಮೀಟರ್.
ನಾವು ಕಳಿಸಿದ್ದು ಒಂದು ಚಿಲ್ಲರೆ.

ಹತ್ತರಲ್ಲಿ ಮೂರು ಹೀಗೆ ಸಿಕ್ಕವು,
ಉಳಿದ ಏಳು ನಿಜಕ್ಕೂ ಕಸವೇ.
ಮೇಲಿನವರಿಗೆ ಕಳಿಸಿದೆ. ಮಡಿವಾಳರ ಉತ್ತರ ಒಂದೇ ಸಾಲು:
"ಒಂದು ರಾತ್ರಿಯಿಂದ ಏನೂ ಸಾಬೀತಾಗಲ್ಲ, ನೂರು ರಾತ್ರಿ ತಾ."
ಸಿಟ್ಟು ಬಂತು. ಸರಿಯೂ ಅನ್ನಿಸಿತು.

ಮಾರ್ಕೆಟ್ಟಿಗೆ ಹೋದೆ.
"ಬೋಟು ಹೊರಗೆ ನಿಂತ ದಿನ
ಎಷ್ಟೊತ್ತಿಂದ ಎಷ್ಟೊತ್ತು, ಕೇಳಿ ಬರೆದಿಡ್ತೀಯಾ?"
"ಯಾಕೆ?"
"ಆ ಬರೆಯೋರಿಗೆ ಬೇಕು."
ಅವಳು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದಳು,
ಕಿವಿರು ಎತ್ತಿ ನೋಡುವ ನೋಟ.
ಆಮೇಲೆ ಎಂದಿನಂತೆ ಎರಡು ಮೀನು ಹೆಚ್ಚಿಗೆ ಹಾಕಲಿಲ್ಲ.

ಮುಂದಿನ ವಾರ ಐಸಿನ ರಸೀದಿಯ ಬೆನ್ನಿಗೆ
ಬಾಲ್‌ಪೆನ್ನಿನಲ್ಲಿ, ನೀರು ತಾಗಿ ಹರಡಿದ ಅಕ್ಷರ:
ಗುರುವಾರ, ಎರಡರಿಂದ ಐದು.
ತೆರೆ ಒಂದಾಳು, ಮೇಲೊಂದು ಮೊಳ.
ಬಾಕಿ ನಲವತ್ತು ರೂಪಾಯಿ.

ಕೊನೆಯದು ನನ್ನದು.