ಹನ್ನೊಂದು ತಿಂಗಳ ಕರಾರು

ಬೆರಿಲ್ ಅಂತ ಅಕಿ ಹೆಸರು.
ಮಾಗಡಿ ಮಂದಿ ಬಾಯಾಗ ಅದು ನಿಲ್ಲಲಿಲ್ಲ.
ಮೊದಲ ವಾರ ಬ್ಯಾರೆ ಅವ್ವ,
ಆಮ್ಯಾಲೆ ಸವದು ಸವದು ಬೇರವ್ವ.
ಕೆರಿಗೆ ಬರೋ ಬಾತು ಎಣಸಾಕ ಬಂದಾಕಿ,
ಎರಡ ತಿಂಗಳಿಗಂತ.
ಬಾತು ಶಿವರಾತ್ರಿ ಮುಗಿಸಿ ಹೋದುವು.
ಇಕಿ ಹೋಗಲಿಲ್ಲ.

ನನ್ನ ಹಿತ್ತಲಕಡೆ ಮನಿ ಖಾಲಿ ಇತ್ತು.
ಮಣ್ಣಿನ ಮಾಳಗಿ, ಒಂದ ಬೆಳಕಿಂಡಿ,
ಬಚ್ಚಲಕ್ಕ ಬಾಗಿಲಿಲ್ಲ, ಗೋಣಿತಟ್ಟು.
ಶಿರಹಟ್ಟ್ಯಾಗ ವಕೀಲ ಇನಾಮತಿ ಬರದು ಕೊಟ್ಟ:
ಹನ್ನೊಂದು ತಿಂಗಳು.
ಹನ್ನೆರಡನೇದು ಯಾಕ ಬಿಟ್ಟಿರಿ, ಅಂದ್ಳು.
ಎಲ್ಲಾರೂ ಹಂಗ ಬರೀತಾರ್ರೀ, ಅಂದ.
ನನ್ನ ಹೆಬ್ಬಟ್ಟಿನ ಮಗ್ಗಲಕ್ಕ ಅಕಿ ಸಹಿ
ಇರಿವಿ ಸಾಲು ಹೊಂಟಂಗ ಇತ್ತು.

ಪೋಲೀಸ್ ಕಾಗದಕ್ಕ ಗದಗಿಗೆ ಏಳ ಸಲ ಅಡ್ಡಾಡಿದ್ಳು.
ಫೋಟೋದಾಗ ಕಿವಿ ಕಾಣಬೇಕಂತ, ಒಂದ ಸಲ.
ಕಿವಿ ಕಂಡಾವು, ನಗು ಕಂಡೈತಿ, ನಡಿಯಂಗಿಲ್ಲಂತ, ಮತ್ತೊಂದ ಸಲ.
ಬಸ್ಸಿನಾಗ ನಿಂತ ಬಂದು, ಕಟ್ಟಿಮ್ಯಾಲೆ ಕುಂತು
ಚಾ ಕುಡಿಯೋಳು, ಸಕ್ಕರಿ ಇಲ್ಲದ್ದು.
ಓಣಿ ಹೆಣ್ಣಮಕ್ಕಳು ಮರಗಿದ್ರು:
ಪಾಪ, ಅಷ್ಟ ದೂರದಿಂದ
ಸಕ್ಕರಿ ಬ್ಯಾನಿ ಹೊತಗೊಂಡು ಬಂದಾಳ.

ಬೆಳಕಿಂಡ್ಯಾಗಿಂದ ಬಿಸಲು ಬೀಳತಿತ್ತಲ್ಲ,
ರೊಟ್ಟಿಯಷ್ಟಗಲ,
ಅದರಾಗ ಕುರ್ಚಿ ಹಾಕ್ಕೊಂಡು ಕೂಡೋಳು.
ಬಿಸಲು ಸರದಂಗ ಕುರ್ಚಿ ಸರಸೋಳು,
ಹೊತ್ತ ಇಳಿಯೂದ್ರಾಗ ಮೂಡಲ ಗ್ವಾಡಿ ಮುಟ್ಟೋಳು.
ನಾವು ನೆಳ್ಳಿಗೆ ಹೊಡದಾಡೋ ಮಂದಿ.
ಬಾಗಿಲಾಗ ನಿಂತು ನೋಡತಿದ್ವಿ,
ಗಡಿಯಾರದ ಮುಳ್ಳು ನೋಡಿದಂಗ.

ನಳ ಬರೋದು ಎಂಟ ದಿನಕ್ಕೊಮ್ಮೆ,
ಅದೂ ನಡುರಾತ್ರಿ ಎರಡಕ್ಕ.
ಮೊದಮೊದಲ ಅಕಿ ಪಾಳಿ ಹಿಡದು ನಿಂತಳು.
ನಮ್ಮ ಓಣ್ಯಾಗ ಪಾಳಿ ಅಂದ್ರ
ಕಡೀಕ ಉಳದಾಕಿಗೆ ಇಟ್ಟ ಹೆಸರು.
ಮೂರ ಸಲ ಖಾಲಿ ಕೊಡ ಹೊತಗೊಂಡು ಬಂದ್ಳು,
ಸಾರಿ, ಸಾರಿ, ಅನಕೋತ,
ನೀರಿಗೆ ತಾನ ತಪ್ಪು ಮಾಡಿದಂಗ.
ನಾಕನೇ ಸಲ
ದ್ಯಾಮಕ್ಕ ಅಡ್ಡ ಕೊಡ ತುರಕಿದ್ದೇ ತಡ
ಬೇರವ್ವ ನಡಕ್ಕ ಕೈ ಇಟ್ಟು,
ನನ್ನ ಬಾಯಿಂದನ ಕಲತದ್ದು,
ಬೈದ ಬಿಟ್ಳು:
"ನಿನ್ನ ಮಣ್ಣಾಗ ಬಾಯಿ ಹಾಕ್ಲಿ!"

ನಳದ ಸಪ್ಪಳ ಅಷ್ಟ ಉಳೀತು.
ಆಮ್ಯಾಲೆ ದ್ಯಾಮಕ್ಕ ನಕ್ಕ ನಗುವಿಗೆ
ಕಟ್ಟಿಮ್ಯಾಲಿನ ನಾಯಿ ಎದ್ದು ಹೋತು.
ಕೊಡ ತುಂಬಿ ಗಟಾರಕ್ಕ ಹರೀತು, ಯಾರೂ ಎತ್ತಲಿಲ್ಲ.
ಅವತ್ತಿಂದ ಅಕಿ ಕೊಡ ಮೂರನೇದು.
ಯಾರೂ ಕೊಟ್ಟಿದ್ದಲ್ಲ,
ಯಾರೂ ಕಸಗೊಳ್ಳಂಗಿಲ್ಲ.

ನಾ ಒಬ್ಬಾಕಿನ ಮಲಗಿ ವಿಚಾರ ಮಾಡಿದೆ:
ಮಣ್ಣಾಗ ಬಾಯಿ ಹಾಕೋದು ಬೈಗಳ ಹೆಂಗಾತು?
ಹುಣಸಿಗಿಡ ಹಾಕೇತಿ.
ಹಿತ್ತಲದ ನುಗ್ಗಿ ಹಾಕೇತಿ.

ಈ ಸಲ ಮತ್ತ ಬಾತು ಬಂದುವು.
ನಿಮ್ಮೂರ ಮಂದಿ ಬಂದಾರ, ಅಂತ ಹುಡುಗರು ಒದರಿದ್ರ
ನಮ್ಮೂರಿನೂವಲ್ಲ, ಮಂಗೋಲಿಯಾದೂ, ಅಂದ್ಳು.
ಹಿಮಾಲಯ ದಾಟತಾವ,
ಕಾಗದ ಇಲ್ಲ, ಪತ್ರ ಇಲ್ಲ, ಫೋಟೋ ಇಲ್ಲ.
ದನ್ಯಾಗ ಸಣ್ಣ ಹೊಟ್ಟಿಕಿಚ್ಚು ಇತ್ತು.
ರಾತ್ರಿ ಅವು ನನ್ನ ಕಡ್ಲಿಗೆ ಬಿದ್ದುವು.
ಫಕ್ಕೀರವ್ವಾ, ಏಳು, ಅಂತ ಅಕೀನ ಎಬ್ಬಿಸಿದ್ಳು.
ಎಣ್ಣಿಡಬ್ಬಿ ಬಡಕೋತ ಹೊಲದ ತುಂಬ ಇಬ್ಬರೂ ಓಡಿದ್ವಿ.
ಎಣಸಾಕ ಬಂದಾಕಿ ಓಡಸತಾಳ,
ಓಡಸಕೋತ ಎಣಸತಾಳ,
ಇಪ್ಪತ್ತರ ತನಕ ನಮ್ಮ ಮಾತಿನಾಗ,
ಮುಂದ ತನ್ನದರಾಗ.

ಕರಾರು ನನ್ನ ಟ್ರಂಕಿನಾಗ ಐತಿ,
ಗುಳೇದಗುಡ್ಡದ ಖಣದ ಕೆಳಗ.
ಓದಾಕ ಬರಂಗಿಲ್ಲ, ಎಣಸಾಕ ಬರತೈತಿ.
ಹನ್ನೊಂದು ಮುಗದು ಹತ್ತೊಂಬತ್ತ ದಿನ.
ಅಕಿ ಮರತಾಳೋ,
ಮರತಂಗ ಮಾಡತಾಳೋ.
ಇವತ್ತ ಮುಂಜಾನೆ
ಬಡಗೇರ ಕಾಳಪ್ಪನ ಕರಕೊಂಡು ಬಂದು
ಬಚ್ಚಲಕ್ಕ ಬಾಗಿಲ ಕೂಡಸಬೇಕು ಅಂದ್ಳು,
ಸಾಗವಾನಿದು, ಬಾಳಿಕಿ ಬರೂವಂಥಾದ್ದು.
ನಾ ಏನೂ ಅನ್ನಲಿಲ್ಲ.
ಟೇಪಿನ ಈಚಿ ತುದಿ ಹಿಡಕೊಂಡು ನಿಂತೆ.