ಇಪ್ಪತ್ಮೂರು ಕಿಲೋ

ತೂಕದ ಯಂತ್ರದ ಮೇಲೆ ಮೊದಲು ನಾನೊಬ್ಬಳೇ ನಿಂತೆ: ಅರವತ್ತೆಂಟು.
ಆಮೇಲೆ ಸೂಟ್‌ಕೇಸನ್ನು ನಿದ್ದೆಗೆಟ್ಟ ಕೂಸಿನಂತೆ ತಬ್ಬಿ ನಿಂತೆ: ತೊಂಬತ್ತೈದು.
ಕಳೆದರೆ ಇಪ್ಪತ್ತೇಳು.
ನಾಲ್ಕು ಕಿಲೋ ಇಳಿಸಬೇಕು.
ಸುವಾದಲ್ಲಿ ಹತ್ತುವುದು ಸಣ್ಣ ವಿಮಾನ, ಅಲ್ಲಿ ಕಣ್ಣೀರಿಗೆ ಕರಗುವವರಿಲ್ಲವಂತೆ.

ಆಕ್ಲೆಂಡಿನಲ್ಲಿ ಜುಲೈ. ಕಿಟಕಿಗೆ ನಮ್ಮದೇ ಉಸಿರು ಅಂಟಿದೆ.
ಹೀಟರಿನ ಪಕ್ಕ ಹತ್ತಿಯ ಅಂಗಿ ಮಡಿಸುವಾಗ
ಸುಳ್ಳು ಹೇಳುತ್ತಿರುವಂತೆ ಅನಿಸುತ್ತದೆ.
ಮೊನ್ನೆ ಎರಡು ಸೂಜಿ ಚುಚ್ಚಿದ ನರ್ಸ್
ಗೋಡೆಯ ನಕ್ಷೆಯಲ್ಲಿ ಟುವಾಲು ಹುಡುಕಿದಳು;
"ಇಲ್ಲಿದೆ" ಎಂದು ಬೆರಳಿಟ್ಟಳು,
ಬೆರಳಿನಡಿ ದೇಶವೇ ಕಾಣೆಯಾಯಿತು.

ಫುನಾಫುಟಿಯಿಂದ ಸೆಲೂಕಾ ಅತ್ತೆ ಫೋನಿನಲ್ಲಿ.
ಅವಳ ದನಿ ಸಮುದ್ರ ದಾಟುವಷ್ಟರಲ್ಲಿ
ನಾನು ಇನ್ನೊಂದು ಕೇಳಿರುತ್ತೇನೆ.
ಉತ್ತರಗಳೆಲ್ಲ ಒಂದೊಂದು ಪ್ರಶ್ನೆ ಹಿಂದೆ.

ಸೊಳ್ಳೆಗೆ ಏನು ತರಲಿ?
"ಕೋಟು ಯಾಕೆ, ಪ್ರಾರ್ಥನೆಗೂ ಇಲ್ಲಿ ಬೆವರೇ."
ದುಡ್ಡು ಹೇಗೆ?
"ಹಗಲು ಹೊತ್ತೇ ಕಚ್ಚುತ್ತವೆ, ತುಂಬುತೋಳಿನದು ತಾ."
ಕುಡಿಯುವ ನೀರು?
"ನೋಟು. ಸಣ್ಣವು. ಕಾರ್ಡು ಉಜ್ಜಿದರೆ ಕಾರ್ಡೇ ಸವೆದೀತು."
ನಿನಗೇನು ಬೇಕು?
"ಮಳೆಯದು. ತೊಟ್ಟಿಯಲ್ಲಿದೆ, ಕುದಿಸಿ ಕೊಡ್ತೀನಿ."
ಆಮೇಲೆ, ತಡೆದು ತಡೆದು, ಅವಳ ಪಟ್ಟಿ:
ಓದುವ ಕನ್ನಡಕ, ಎರಡೂವರೆ ಪವರಿನದು;
ಹೊಲಿಗೆ ಯಂತ್ರದ ಸೂಜಿ, ಮೊಪೆಡ್ಡಿನ ಸ್ಪಾರ್ಕ್ ಪ್ಲಗ್ಗು.
ತನಗೆ ಅಂತ ಒಂದೂ ಇಲ್ಲ. ಕನ್ನಡಕವೂ ಪಾದ್ರಿಯ ಹೆಂಡತಿಗೆ.

ಸೂಟ್‌ಕೇಸಿನ ತಳದಲ್ಲಿ, ಟವೆಲ್ಲಿನಲ್ಲಿ ಸುತ್ತಿ,
ಒಂಬತ್ತು ಕಿಲೋ ಕಪ್ಪು ಕಲ್ಲು.
ನಾನು ಕಾಣದ ಅಜ್ಜಿಯ ಹೆಸರು ಅದರಲ್ಲಿದೆ.
ಅಲ್ಲಿ ಇರುವುದೆಲ್ಲ ಹವಳದ ಹುಡಿ,
ಸಿಮೆಂಟಿನ ಮೇಲೆ ಬರೆದದ್ದನ್ನು ಉಪ್ಪು ನೆಕ್ಕಿಬಿಡುತ್ತದೆ,
ಅದಕ್ಕೇ ಮಾಂಗೆರೆಯಲ್ಲಿ ಕೆತ್ತಿಸಿದ್ದು.
ಕೆತ್ತುವವ ಒಂದಕ್ಷರ ತಪ್ಪಿದ್ದ;
ತುಂಬಿ, ಉಜ್ಜಿ, ಮತ್ತೆ ಕೆತ್ತಿದ.
ಕಣ್ಣಿಗೆ ತಿಳಿಯದು. ಬೆರಳಿಗೆ ತಿಳಿಯುತ್ತದೆ.

ಹೇರ್ ಡ್ರೈಯರ್ ತೆಗೆದೆ. ಬೂಟು ತೆಗೆದೆ.
ಸನ್‌ಸ್ಕ್ರೀನಿನ ದೊಡ್ಡ ಬಾಟಲಿಯಿಂದ ಸಣ್ಣದಕ್ಕೆ ಸುರಿದೆ,
ಅರ್ಧ ನೆಲಕ್ಕೆ ಹೋಯಿತು.
ಮಗ ಟವೀಟ ಯಾವಾಗಲೋ ತುರುಕಿದ್ದ ರಗ್ಬಿ ಚೆಂಡು ಸಿಕ್ಕಿತು;
"ರನ್‌ವೇ ಮೇಲೆ ಆಡ್ತಾರಂತೆ ಅಮ್ಮಾ, ಸೈರನ್ ಆದ್ರೆ ಓಡ್ಬೇಕಂತೆ."
ಗಾಳಿ ಬಿಟ್ಟು ಚಪ್ಪಟೆ ಮಾಡಿ ಮತ್ತೆ ಇಟ್ಟೆ.
ಇನ್ನೂ ಒಂದೂವರೆ ಕಿಲೋ ಹೆಚ್ಚು.

ಅತ್ತೆ, ನಾವು ಮಲಗುವುದು ಎಲ್ಲಿ?
ಗರ್ರ್ ಎಂದು ಅಲೆಯಂಥ ಸದ್ದು.
ತಾಳ್ಮೆಗೆಟ್ಟು ಇನ್ನೊಂದು ಕೇಳಿಯೇಬಿಟ್ಟೆ:
ಕಲ್ಲು ಬಲು ಭಾರ. ಈ ಸಲ ಇಲ್ಲೇ ಇರಲಾ?

"ಅವಳ ಪಕ್ಕದಲ್ಲೇ," ಎಂದಳು ಅತ್ತೆ,
"ಮನೆ ಮುಂದೆ. ಗಾಳಿ ಚೆನ್ನಾಗಿ ಬರುತ್ತೆ."

ಲೈನು ಕಡಿಯಿತು.
ಸ್ಪಾರ್ಕ್ ಪ್ಲಗ್ಗುಗಳನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ,
ಚಪ್ಪಲಿ ಬಿಟ್ಟು
ಮತ್ತೆ ಯಂತ್ರ ಹತ್ತಿದೆ.