ಬಾಡಿಗೆಯ ನಿಂಬೆಹಣ್ಣು

ಟ್ರೊಮ್ಸೋದಲ್ಲಿ ಜನವರಿ. ಸೂರ್ಯ ಇನ್ನೂ ರಜೆಯಲ್ಲಿ.
ಮಾರುವ ಮನೆಗೆ ಬೆಳಕನ್ನೂ ನಾನೇ ಹೊತ್ತೊಯ್ಯಬೇಕು:
ವ್ಯಾನಿನ ಹಿಂದೆ ಹದಿನಾಲ್ಕು ದೀಪ,
ಕುರಿದೊಗಲ ಎರಡು ಹಾಸು,
ಯಾರೂ ಓದದ, ಬೂದು ಬೆನ್ನಿನ
ಒಂದು ಗಜ ಪುಸ್ತಕ,
ಒಂಬತ್ತು ನಿಂಬೆಹಣ್ಣು.

ಫೆರಿಯ ಅಡುಗೆಯವ ಓಡ್-ಆರ್ನೆ ಬಾಗಿಲು ತೆರೆದ.
ಕಾಫಿ? ಅಂದ. ಬೇಡ ಅಂದೆ.
ಮೀನು ಹುರಿದದ್ದು ನಿನ್ನೆಯೋ ಮೊನ್ನೆಯೋ
ಮೂಗು ಆಗಲೇ ಲೆಕ್ಕ ಹಾಕುತ್ತಿತ್ತು.
ಇನ್ನು ಎಂಟು ದಿನ ಈ ಒಲೆಗೆ ಮೀನಿಲ್ಲ.
ಫ್ರಿಜ್ಜಿನ ಮೇಲಿನ ಅಯಸ್ಕಾಂತ ಬೇಡ,
ಮುರಿದ ಸ್ಕೀ ಬೇಡ,
ಅತ್ತೆ ಹೆಣೆದ ಪರದೆ, ಬೇಡವೇ ಬೇಡ.
"ಮತ್ತೆ ನಾನು?" ಅಂದ.
ನೀವೂ ಬೇಡ. ಭಾನುವಾರ, ಹನ್ನೆರಡರಿಂದ ಒಂದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು
ಎರಡನ್ನೂ ಒಟ್ಟಿಗೆ ಬಿಚ್ಚಿ ನೋಡು ಅನ್ನಲಿಲ್ಲ.
ತೂರಿಡ್ ಸೇತುವೆ ದಾಟಿ ಹೋಗಿ ಹದಿನೈದು ತಿಂಗಳು.
ಮಲಗುವ ಕೋಣೆಯಲ್ಲಿ
ರಟ್ಟಿನ ಪೆಟ್ಟಿಗೆಗಳು, ದೋಣಿಯ ಎಂಜಿನ್ನು;
ಅವನು ಸೋಫಾದ ಮೇಲೆ.
ಎಲ್ಲ ಶೆಡ್ಡಿಗೆ ಸಾಗಿಸಿ
ಜೋಡಿಮಂಚ ಹಾಕಿದೆ, ನಾಲ್ಕು ದಿಂಬು,
ತಟ್ಟೆಯಲ್ಲಿ ಎರಡು ಖಾಲಿ ಬಟ್ಟಲು,
ಈಗಷ್ಟೇ ಕುಡಿದು ಎದ್ದು ಹೋದವರಂತೆ.
ಅವನು ಬಾಗಿಲಲ್ಲೇ ನಿಂತಿದ್ದ.
ಒಳಗೆ ಕಾಲಿಡಲಿಲ್ಲ.

ಮಧ್ಯಾಹ್ನ ಆಕಾಶ ಒಂದು ಗಂಟೆ ನೀಲಿಯಾಗುತ್ತದೆ,
ಆಗಲೇ ಫೋಟೋ ಹೊಡೆಯಬೇಕು.
ಹೊರಗೆ ಹಿಮ, ಒಳಗೆ ಹದಿನಾಲ್ಕು ದೀಪ:
ಹಬ್ಬಕ್ಕೆ ಯಾರನ್ನೋ ಕರೆದು ಕಾಯುತ್ತಿರುವ ಮನೆ.
"ಸಮುದ್ರದ ನೋಟ" ಎಂದು ಏಜೆಂಟ್ ಬರೆದಳು.
ಇದೆ,
ಬಚ್ಚಲಿನ ಸ್ಟೂಲು ಹತ್ತಿ ಎಡಕ್ಕೆ ಬಗ್ಗಿದರೆ.

ಭಾನುವಾರ ಏಜೆಂಟಳಿಗೆ ಜ್ವರ.
ಬದಲಿಗೆ ಬಂದ ಹುಡುಗನಿಗೆ ಯಾರ ಮುಖವೂ ಗೊತ್ತಿಲ್ಲ.
ಸಾಲು ಅಂಚೆಪೆಟ್ಟಿಗೆಯವರೆಗೆ.
ನಾಲ್ಕನೆಯವನು, ಟೋಪಿ ಹುಬ್ಬಿನ ತನಕ ಎಳೆದು,
ಬೂಟಿಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸುತ್ತಿದ್ದವನು
ಓಡ್-ಆರ್ನೆ.
ಒಂಬತ್ತನೆಯವಳು, ಅದೇ ನೀಲಿ ಚೀಲ,
ತೂರಿಡ್.
ನಾನು ದೀಪ ಸರಿಪಡಿಸುವವಳಂತೆ ಬೆನ್ನು ತಿರುಗಿಸಿದೆ.

ಅಡುಗೆಮನೆಯಲ್ಲಿ ಎದುರಾದರು.
ಹೆಣ್ಣು ನೋಡಲು ಬಂದವರ ಬಿಗುಮಾನ ಇಬ್ಬರಿಗೂ.
"ಕಟ್ಟಿಗೆಯ ಒಲೆ ಹೇಗೆ?" ಅಂದ, ಗೋಡೆಗೆ ಕೇಳುವವನಂತೆ.
"ಉತ್ತರದ ಗಾಳಿ ಬೀಸಿದರೆ ಹೊಗೆ," ಅಂದಳು,
"ಕಿಟಕಿ ಒಂದು ಬೆರಳು ತೆರೆದಿಡಬೇಕು."
"ಯಾರಾದರೂ ತೆರೆದರೆ."
"ಯಾರಾದರೂ ನೆನಪಿಸಿದರೆ."
ಪಕ್ಕದ ಬಸುರಿ ಹೆಂಗಸು
ಗಂಡನ ತೋಳು ಚಿವುಟಿ ಪಿಸುಗುಟ್ಟಿದಳು:
ಇವರಿಗೆಷ್ಟು ಗೊತ್ತು ನೋಡು,
ಖಂಡಿತ ಇವರೇ ಕೊಳ್ಳುವವರು, ಬೇಗ ಮಾಡು.

ಸೋಮವಾರ ಒಂಬತ್ತಕ್ಕೆ ಶುರುವಾದ ಹರಾಜು
ಹತ್ತೂವರೆಗೆ ಮುಗಿಯಿತು.
ಕೇಳಿದ್ದಕ್ಕಿಂತ ಮೂರು ಲಕ್ಷ ಕ್ರೋನೆ ಹೆಚ್ಚು.
ನನ್ನ ದೀಪಗಳೇ ಗೆದ್ದವೆಂದು ಕಚೇರಿಯಲ್ಲಿ ಹೊಗಳಿದರು.
ಹೊಗೆಯ ವಿಷಯ ನಾನು ಎತ್ತಲಿಲ್ಲ.

ಸಾಮಾನು ವಾಪಸು ತುಂಬಲು ಹೋದೆ.
ಮಂಚ, ದಿಂಬು, ಪುಸ್ತಕ, ಬಟ್ಟಲು, ಎಲ್ಲ ಸರಿ.
ನಿಂಬೆಹಣ್ಣು ಎಂಟು.
ಮತ್ತೆ ಎಣಿಸಿದೆ. ಎಂಟೇ.
ಸಾಲಿನಲ್ಲಿ ಹೊರಟಾಗ ತೂರಿಡ್‌ಳ ಕೋಟಿನ ಬಲಜೇಬು
ಉಬ್ಬಿತ್ತೇನೋ; ಅಥವಾ ಅದು ಕೈಗವಸು.
ಓಡ್-ಆರ್ನೆ ಒಲೆಯ ಮುಂದೆ ಕೂತು
ಮೀನು ಹುರಿಯುತ್ತಿದ್ದ, ಕಿಟಕಿ ಒಂದು ಬೆರಳು ತೆರೆದು.
"ಒಂದು ಕಡಿಮೆ ಇದೆ," ಅಂದೆ.
"ಬಿಲ್ಲಿಗೆ ಹಾಕಿ," ಅಂದ.